ಕಾಲೇಜಿನ ಜೊತೆ ಸಿಂಗಾಪುರ: ಹೋಗಲಾ, ಬೇಡ್ವಾ?

ಮಂಡಗದ್ದೆ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಬಿಬಿಎ ಎರಡನೇ ವರ್ಷ ಓದುತ್ತಿದ್ದೇನೆ. ಮನೆ ಮಂಡಗದ್ದೆ ಹತ್ತಿರ. ದಿನಾ ಬಸ್ಸಲ್ಲೇ ಓಡಾಟ.

ನಮ್ಮ ಕ್ಲಾಸಿನಿಂದ ಸಿಂಗಾಪುರಕ್ಕೆ ಐದು ದಿನದ ಪ್ರವಾಸ ಇಟ್ಟಿದ್ದಾರೆ. ತಲೆಗೆ 82 ಸಾವಿರ. ವಿಮಾನ, ಹೋಟೆಲ್, ವೀಸಾ, ಊಟ ಎಲ್ಲ ಸೇರಿ ಅಂತ ಹೇಳಿದ್ದಾರೆ. 58 ಜನರಲ್ಲಿ 31 ಜನ ಹೆಸರು ಕೊಟ್ಟರು. ನಾನೂ ಕೊಟ್ಟೆ. ಕೊಟ್ಟು ಬಂದ ಮೇಲೆ ಮನೆಯಲ್ಲಿ ಹೇಳಿದೆ. ತಪ್ಪು ಅಂತ ಗೊತ್ತು.

ಅಪ್ಪ ಒಂದೇ ಮಾತು ಅಂದರು, "ಹೋಗು". ಎರಡು ದಿನ ಬಿಟ್ಟು ಅಮ್ಮನ ಹತ್ತಿರ ಮಾತಾಡ್ತಿದ್ದದ್ದು ನನ್ನ ಕಿವಿಗೆ ಬಿತ್ತು. ಅಡಿಕೆ ಮಾರುವ ಸಹಕಾರ ಸಂಘ ಮ್ಯಾಮ್ಕೋಸ್‌ನಲ್ಲಿ ಇಟ್ಟಿರುವ ಎರಡು ಕ್ವಿಂಟಲ್ ರಾಶಿ ಅಡಿಕೆ ಕೊಟ್ಟುಬಿಡೋಣ ಅಂತ. ನಮ್ಮದು ಒಂದೂವರೆ ಎಕರೆ ತೋಟ. ಈ ಸಲ ಕೊಳೆ ರೋಗ ಬಂದು ಅರ್ಧ ಫಸಲು ಉದುರಿಹೋಗಿದೆ. ಎರಡು ಸಲ ಮದ್ದು ಹೊಡೆಸಿದರೂ ನಿಲ್ಲಲಿಲ್ಲ. ಆ ಎರಡು ಕ್ವಿಂಟಲ್ ಅಂದ್ರೆ ರೇಟು ಬರಲಿ ಅಂತ ಹೋದ ವರ್ಷದಿಂದ ಕಾದಿಟ್ಟದ್ದು.

ಅವತ್ತಿನಿಂದ ರಾತ್ರಿ ನಿದ್ದೆ ಸರಿಯಾಗಿ ಬರ್ತಿಲ್ಲ. ಹೋಗಬೇಕು ಅಂತ ಬಹಳ ಆಸೆ ಇದೆ, ಸುಳ್ಳು ಹೇಳಲ್ಲ. ನಾನು ವಿಮಾನವನ್ನು ಹತ್ತಿರದಿಂದ ನೋಡಿದ್ದು ಒಂದೇ ಸಲ, ಸೋಗಾನೆಯ ವಿಮಾನ ನಿಲ್ದಾಣದಲ್ಲಿ, ಬೇಲಿಯ ಆಚೆ ನಿಂತು.

ಇನ್ನೊಂದು ವಿಷಯ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಜೊತೆ ಎರಡು ಇನಿಷಿಯಲ್ ಇದೆ. ಆಧಾರ್‌ನಲ್ಲಿ ಬರೀ ಹೆಸರು. ಇದರಿಂದ ತೊಂದರೆ ಆಗುತ್ತಾ? ಒಂದು ತಿಂಗಳೊಳಗೆ ಪಾಸ್‌ಪೋರ್ಟ್ ನಂಬರ್ ಕೊಡಿ ಅಂತಿದ್ದಾರೆ.

ಹೋಗಿ ಬಂದವರು ಇದ್ದರೆ ನಿಜ ಹೇಳಿ. ಅಪ್ಪ ಅಡಿಕೆ ಮಾರಿ ಕಳಿಸುವಂಥದ್ದು ಅಲ್ಲಿ ಏನಾದರೂ ಇದೆಯಾ?

ವಿನೋಬನಗರ 2ನೇ ಹಂತ

ಪಾಸ್‌ಪೋರ್ಟ್ ಬಗ್ಗೆ ಮಾತ್ರ ಹೇಳ್ತೀನಿ, ಹೋದ ವರ್ಷ ಮಗನಿಗೆ ಮಾಡಿಸಿದ್ದೆ.

ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯಲ್ಲ, ಬಿಡಿಸಿ ಬರೆಯಬೇಕು. ಹೆಸರಿಗೆ ಒಂದು ಕಾಲಂ, ಸರ್‌ನೇಮ್‌ಗೆ ಒಂದು ಕಾಲಂ ಇರುತ್ತೆ. ಸರ್‌ನೇಮ್ ಖಾಲಿ ಬಿಡಲಿಕ್ಕೂ ಬರುತ್ತೆ. ಆದರೆ ಕೆಲವು ದೇಶದವರು ಒಂಟಿ ಹೆಸರಿನ ಪಾಸ್‌ಪೋರ್ಟ್‌ಗೆ ತಕರಾರು ಮಾಡ್ತಾರೆ. ಮುಂದೆ ಬೇರೆ ಕಡೆ ಹೋಗುವ ಯೋಚನೆ ಇದ್ದರೆ ಈಗಲೇ ಇನಿಷಿಯಲ್ ಬಿಡಿಸಿ ಸರ್‌ನೇಮ್ ಕಾಲಂ ತುಂಬಿಸೋದು ವಾಸಿ. ಅದಕ್ಕೂ ಮೊದಲು ಆಧಾರ್‌ನಲ್ಲಿ ಹೆಸರು ಹಾಗೇ ಬರುವಂತೆ ತಿದ್ದಿಸಿಕೊಳ್ಳಿ. ಅದಕ್ಕೇ ಸ್ವಲ್ಪ ದಿನ ಹಿಡಿಯುತ್ತೆ, ನಾಳೆಯೇ ಹೋಗಿ.

36 ಪುಟದ್ದಕ್ಕೆ 1500 ರೂಪಾಯಿ. ತತ್ಕಾಲ್ ಆದರೆ ಇನ್ನೂ 2000 ಜಾಸ್ತಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಒರಿಜಿನಲ್ ತಗೊಂಡು ಹೋಗಿ. ಊರಿನ ಠಾಣೆಯಿಂದ ಪೊಲೀಸ್ ವೆರಿಫಿಕೇಶನ್‌ಗೆ ಫೋನ್ ಬರುತ್ತೆ. ನಿಮ್ಮ ಕಡೆ ನೆಟ್‌ವರ್ಕ್ ಸಿಗದಿದ್ದರೆ ಪಕ್ಕದ ಮನೆಯ ನಂಬರನ್ನೂ ಕೊಟ್ಟಿರಿ. ನಮ್ಮ ನೆಂಟರೊಬ್ಬರದ್ದು ಫೋನ್ ಸಿಗದೇ ಹದಿನೈದು ದಿನ ಕೂತಿತ್ತು.

ಹಿನ್ನೀರಿನ ಕಡೆಯವಳು

ತಂಗಿ, ನೀನು ಬರೆದದ್ದನ್ನು ಮೊನ್ನೆಯೇ ಓದಿದ್ದೆ. ಉತ್ತರ ಬರೆಯಲು ಕೂತರೆ ಉದ್ದ ಆಗುತ್ತೆ ಅಂತ ಗೊತ್ತಿತ್ತು, ಅದಕ್ಕೆ ಇವತ್ತು ಭಾನುವಾರ ಕೂತಿದ್ದೇನೆ.

2019ರ ಡಿಸೆಂಬರ್‌ನಲ್ಲಿ ನಾನೂ ಹೀಗೇ ಕ್ಲಾಸಿನ ಜೊತೆ ಸಿಂಗಾಪುರಕ್ಕೆ ಹೋಗಿದ್ದೆ. ಎಂಬಿಎ ಓದುತ್ತಿದ್ದೆ. ನಮ್ಮ ಮನೆ ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. ಆಗ ಸೇತುವೆ ಇರಲಿಲ್ಲ, ಅದು ಶುರುವಾದದ್ದು 2025ರ ಜುಲೈಯಲ್ಲಿ. ಹಾಗಾಗಿ ನನ್ನ ಮೊದಲ ವಿದೇಶ ಪ್ರಯಾಣ ಹೊಳೆಬಾಗಿಲಿನ ಲಾಂಚ್ ಹತ್ತುವುದರಿಂದ ಶುರುವಾಯ್ತು. ಸಾಲ ತಂದ ಸೂಟ್‌ಕೇಸು, ಚಕ್ರ ಹೂಳುವ ಮಣ್ಣು ದಾರಿ. ಅಪ್ಪ ಅದನ್ನು ತಲೆ ಮೇಲೆ ಇಟ್ಟುಕೊಂಡು ದಡಕ್ಕೆ ಬಂದರು.

ಅಜ್ಜಿಯೂ ದಡದ ತನಕ ಬಂದಿದ್ದಳು. ಅವಳು ಮುಳುಗಡೆಯವಳು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೆ ಸ್ವಲ್ಪ ಮೊದಲು ಗಂಟು ಮೂಟೆ ಕಟ್ಟಿ ಮನೆ ಬಿಟ್ಟವಳು. ಆ ಮನೆ ನೀರಿನಡಿಗೆ ಹೋಯ್ತು. ನನ್ನ ಸೂಟ್‌ಕೇಸು ಕಂಡು ಅವಳು ಸೆರಗು ಬಾಯಿಗೆ ಇಟ್ಟುಕೊಂಡು ಅಳ್ತಿದ್ದಳು. ಐದು ದಿನಕ್ಕೆ ಹೋಗೋದು ಅಜ್ಜಿ, ಯಾಕೆ ಅಳ್ತೀಯ ಅಂತ ನಾನು ಸ್ವಲ್ಪ ಸಿಡುಕಿದೆ. ಲಾಂಚ್ ನಡುನೀರಿಗೆ ಬಂದಾಗ ನೆನಪಾಯ್ತು. ಅವಳ ಹಳೇ ಊರು ಇಲ್ಲೇ ಎಲ್ಲೋ ಕೆಳಗಿದೆ. ಆ ಸಿಡುಕಿದ್ದು ಇವತ್ತಿಗೂ ನನ್ನ ಮನಸ್ಸಲ್ಲಿ ಚುಚ್ಚುತ್ತೆ.

ಈಗ ದುಡ್ಡಿನ ವಿಷಯ. ನನ್ನ ಅಪ್ಪನೂ "ಹೋಗು" ಅಂದಿದ್ದರು. ಎಲ್ಲಿಂದ ತರ್ತೀರಿ ಅಂತ ನಾನು ಕೇಳಲಿಲ್ಲ. ಕೇಳಿದರೆ "ಬೇಡ" ಅಂತ ನಾನೇ ಹೇಳಬೇಕಾಗುತ್ತೆ ಅನ್ನೋ ಹೆದರಿಕೆ. ಬಂದು ಮೂರು ತಿಂಗಳಿಗೆ ಗೊತ್ತಾಯ್ತು, ಸೊಸೈಟಿಯಲ್ಲಿ ಸಾಲ ಎತ್ತಿದ್ದರು. ತೀರಿಸಲು ಎರಡು ವರ್ಷ ಹಿಡಿಯಿತು. ಒಂದು ದಿನವೂ ಆ ಮಾತು ಎತ್ತಲಿಲ್ಲ. ಮೊದಲೇ ಗೊತ್ತಿದ್ದಿದ್ದರೆ ಅಲ್ಲಿ ಮುಸ್ತಫಾ ಅಂಗಡಿಯಲ್ಲಿ ಗೆಳತಿಯರ ಜೊತೆ ಸೇರಿ ತಗೊಂಡ ವಾಚು, ಸೆಂಟು ಯಾವುದನ್ನೂ ನಾನು ಮುಟ್ಟುತ್ತಿರಲಿಲ್ಲ. ನಿನಗೆ ಮೊದಲೇ ಗೊತ್ತಾಗಿದೆ. ಹಾಗಾಗಿ ಅಪ್ಪನ ಎದುರು ಕೂತು ಬಾಯಿಬಿಟ್ಟು ಮಾತಾಡು. "ಅಡಿಕೆ ಕೊಡ್ತಿರೋದು ನನಗೆ ಗೊತ್ತು ಅಪ್ಪ, ಈ ವರ್ಷ ಆಗಲ್ಲ ಅಂದ್ರೆ ನಾನು ಹೆಸರು ತೆಗೆಸ್ತೀನಿ" ಅಂತ ಹೇಳು. ಹಾಗೆ ಹೇಳುವಾಗ ನಿಜವಾಗಿಯೂ ತೆಗೆಸಲು ತಯಾರಿರು.

ಹೆಸರಿನ ವಿಷಯದಲ್ಲಿ ನನಗೆ ಆದದ್ದನ್ನು ಕೇಳು. ನನ್ನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ. ಟಿಕೆಟ್ ಮಾಡಿಸಿದ ಏಜೆಂಟ್ ಅಪ್ಪನ ಹೆಸರನ್ನು ಸರ್‌ನೇಮ್ ಅಂತ ಹಾಕಿಬಿಟ್ಟಿದ್ದ. ಬೆಂಗಳೂರಿನ ಕೌಂಟರಿನಲ್ಲಿ ನನ್ನನ್ನು ಪಕ್ಕಕ್ಕೆ ನಿಲ್ಲಿಸಿದರು. ಉಳಿದವರೆಲ್ಲ ಬೋರ್ಡಿಂಗ್ ಪಾಸ್ ಹಿಡಿದು ಫೋಟೋ ತೆಗೆಸಿಕೊಳ್ತಿದ್ದರು. ನಾನು ಸೂಟ್‌ಕೇಸಿನ ಹಿಡಿಕೆ ಹಿಡಿದುಕೊಂಡು ನಲವತ್ತು ನಿಮಿಷ ನಿಂತೆ. ಕೈ ಎಷ್ಟು ಬೆವೆತಿತ್ತು ಅಂದ್ರೆ ಹಿಡಿಕೆಯ ರಬ್ಬರಿನ ಬಣ್ಣ ಅಂಗೈಗೆ ಹತ್ತಿತ್ತು. ನಮ್ಮ ಮೇಡಂ ಏಜೆಂಟನಿಗೆ ಫೋನ್ ಮೇಲೆ ಫೋನ್ ಮಾಡಿ, ಕಾಲೇಜಿನ ಪತ್ರ ತೋರಿಸಿ, ಕೊನೆಗೆ ಟಿಕೆಟ್‌ನಲ್ಲಿ ಹೆಸರು ತಿದ್ದಿದರು. ಅವರು ಅವತ್ತು ನನ್ನ ಪಕ್ಕ ಬಿಟ್ಟು ಅಲ್ಲಾಡಲಿಲ್ಲ. ನೀನು ಟಿಕೆಟ್ ಮತ್ತು ವೀಸಾದ ಪ್ರತಿ ಕೈಗೆ ಬಂದ ದಿನವೇ ಪಾಸ್‌ಪೋರ್ಟ್ ಪಕ್ಕ ಇಟ್ಟು ಅಕ್ಷರ ಅಕ್ಷರ ನೋಡು. ತಪ್ಪಿದ್ದರೆ ಮನೆಯಲ್ಲಿ ಕೂತು ತಿದ್ದಿಸಬಹುದು.

ಅಲ್ಲಿ ಏನಿದೆ ಅಂತ ಕೇಳಿದ್ದೀಯ. ಎತ್ತರದ ಕಟ್ಟಡ, ದೊಡ್ಡ ಅಂಗಡಿ ಎಲ್ಲ ಇವೆ. ಅದನ್ನು ಫೋನಿನಲ್ಲೂ ನೋಡಬಹುದು. ನನ್ನ ತಲೆಯಲ್ಲಿ ಉಳಿದದ್ದು ನೀರು.

ಆ ದೇಶದಲ್ಲಿ ಹೇಳಿಕೊಳ್ಳುವಂಥ ದೊಡ್ಡ ನದಿ ಇಲ್ಲ. ಪಕ್ಕದ ಮಲೇಷ್ಯಾದ ಜೋಹೋರ್‌ನಿಂದ ಪೈಪಿನಲ್ಲಿ ನೀರು ತರ್ತಾರೆ. ಅದಕ್ಕೆ 1962ರಲ್ಲಿ ಒಪ್ಪಂದ ಆಗಿದೆ, 2061ರ ತನಕ. ಅದನ್ನೇ ನಂಬಿ ಕೂರಬಾರದು ಅಂತ ಊರೆಲ್ಲ ಬೀಳುವ ಮಳೆಯನ್ನು ಹಿಡಿಯುತ್ತಾರೆ. ನಮ್ಮನ್ನು ಮರೀನಾ ಬ್ಯಾರೇಜ್‌ಗೆ ಕರೆದುಕೊಂಡು ಹೋಗಿದ್ದರು. ನದಿ ಸಮುದ್ರ ಸೇರುವ ಬಾಯಿಗೇ ಅಡ್ಡ ಕಟ್ಟಿದ್ದಾರೆ, 2008ರಲ್ಲಿ ಶುರುವಾದದ್ದು. ಒಂಬತ್ತು ಗೇಟು. ಜೋರು ಮಳೆ ಬಂದಾಗ ಸಮುದ್ರ ಇಳಿದಿದ್ದರೆ ಗೇಟು ತೆರೆದು ನೀರು ಬಿಡುತ್ತಾರೆ. ಸಮುದ್ರ ಉಕ್ಕಿದ್ದರೆ ಪಂಪ್ ಹಾಕಿ ಆಚೆ ಎಸೆಯುತ್ತಾರೆ. ದೇಶದ ಆರನೇ ಒಂದು ಭಾಗದಲ್ಲಿ ಬಿದ್ದ ಮಳೆ ಅಲ್ಲಿಗೇ ಬಂದು ಸೇರುತ್ತೆ. ಆಮೇಲೆ ನ್ಯೂವಾಟರ್ ಅಂತ ಒಂದು ಬಾಟಲಿ ಕೊಟ್ಟರು. ಚರಂಡಿಗೆ ಹೋದ ಬಳಕೆ ನೀರನ್ನೇ ಮೂರು ಹಂತದಲ್ಲಿ ಶುದ್ಧ ಮಾಡಿದ್ದು. ನಮ್ಮ ಹುಡುಗರು ಮುಖ ಮುಖ ನೋಡಿಕೊಂಡರು. ನಾನು ಕುಡಿದೆ. ರುಚಿ ಏನೂ ಇರಲಿಲ್ಲ, ಕಾದಾರಿದ ನೀರಿನ ಹಾಗೆ.

ನಾನು ಹುಟ್ಟಿದ್ದು ಅಣೆಕಟ್ಟಿನ ನೀರಿನ ಪಕ್ಕ. ಮನೆ ಮುಂದೆ ಕಣ್ಣು ಹಾಯುವಷ್ಟು ನೀರು. ಬೇಸಿಗೆಯಲ್ಲಿ ಅಮ್ಮ ಕೊಡ ಹಿಡಿದು ಬಾವಿಗೆ ಅರ್ಧ ಮೈಲಿ ನಡೆಯುತ್ತಿದ್ದಳು. ಬ್ಯಾರೇಜಿನ ಮೇಲೆ ನಿಂತಾಗ ಇದೇ ಯೋಚನೆ. ನೀರನ್ನು ಯಾರಿಗಾಗಿ ಹಿಡಿದಿಡ್ತಾರೆ ಅನ್ನೋ ಪ್ರಶ್ನೆ ಊರಲ್ಲಿ ಕೂತಿದ್ದಾಗ ನನಗೆ ಬಂದಿರಲೇ ಇಲ್ಲ. ನನ್ನ ಎಂಬಿಎ ಪ್ರಾಜೆಕ್ಟನ್ನು ಆಮೇಲೆ ಹಿನ್ನೀರಿನ ಊರುಗಳ ನೀರಿನ ಖರ್ಚಿನ ಮೇಲೆ ಮಾಡಿದೆ. ಈಗಿನ ಕೆಲಸ ಸಿಕ್ಕಿದ್ದೂ ಆ ಪ್ರಾಜೆಕ್ಟಿನಿಂದ.

ಕೊನೆಯ ದಿನ ಚಾಂಗಿ ವಿಮಾನ ನಿಲ್ದಾಣದ ಜ್ಯುವೆಲ್‌ನಲ್ಲಿ ಒಂದು ಜಲಪಾತ ತೋರಿಸಿದರು. ಗಾಜಿನ ಮಾಡಿನ ನಡುವಿನ ತೂತಿನಿಂದ 40 ಮೀಟರ್ ಕೆಳಗೆ ಬೀಳುತ್ತೆ. ಕಟ್ಟಡದ ಒಳಗಿನ ಜಲಪಾತಗಳಲ್ಲಿ ಜಗತ್ತಿಗೇ ಎತ್ತರದ್ದಂತೆ. ನಮ್ಮ ಜೋಗ 253 ಮೀಟರ್. ಆದರೂ ನಾನು ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ. ನೀರು ನೇರ ಬೀಳುತ್ತೆ. ಗಾಳಿ ಇಲ್ಲ, ಇರಚಲಿಲ್ಲ. ಒದ್ದೆ ಕಲ್ಲಿನ ವಾಸನೆ ಬರುತ್ತೇನೋ ಅಂತ ಮೂಗೆಳೆದು ನೋಡಿದೆ, ಬರಲಿಲ್ಲ. ಜೋಗದಲ್ಲಿ ಮಳೆಗಾಲದಲ್ಲಿ ಮಂಜು ಮುಚ್ಚಿದಾಗ ನೀರೇ ಕಾಣಲ್ಲ, ಬರೀ ಸದ್ದು ಎದೆಗೆ ಬಡಿಯುತ್ತಲ್ಲ, ಇಲ್ಲಿ ಪಕ್ಕದವರು ಮಾತಾಡೋದೂ ಕೇಳಿಸ್ತಿತ್ತು.

ನನ್ನ ತಮ್ಮ ಊರಿನ ಗುಡ್ಡ ಹತ್ತಿ ನೆಟ್‌ವರ್ಕ್ ಹಿಡಿದು ಅಜ್ಜಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದ. ಅಜ್ಜಿ ಬಹಳ ಹೊತ್ತು ನೋಡಿ ಕೇಳಿದಳು, "ಅಷ್ಟು ನೀರು ಬಿಡ್ತಾರಲ್ಲ, ಕೆಳಗೆ ಯಾರ ಮನೆಯೂ ಇಲ್ಲ ತಾನೇ?"

ತಂಗಿ, ನನಗೆ ಆ ಪ್ರವಾಸ ಅಂದ್ರೆ ಅಜ್ಜಿಯ ಆ ಮಾತು. ಅವಳು ಈಗಿಲ್ಲ.

ಸಾಗರದ ಮೇಷ್ಟ್ರು

ಮೇಲಿನ ಪತ್ರ ಓದಿ ಸುಮಾರು ಹೊತ್ತು ಏನೂ ಬರೆಯಲು ಆಗಲಿಲ್ಲ. ನಾನು ಮಕ್ಕಳನ್ನು ಕರೆದುಕೊಂಡು ಹೋದವನು, ಎರಡು ಸಲ. ಆ ಕಡೆಯಿಂದ ಕೆಲವು ಮಾತು ಹೇಳ್ತೀನಿ.

ಮಗೂ, ಮೊದಲು ಇದು ಕಡ್ಡಾಯವಾ, ಇದಕ್ಕೆ ಅಂಕ ಇದೆಯಾ ಅಂತ ಕಾಲೇಜಿನಲ್ಲಿ ನೇರವಾಗಿ ಕೇಳಿಕೋ. ಅಂಕ ಇದ್ದರೂ ಹೋಗದವರಿಗೆ ಬೇರೆ ದಾರಿ ಕೊಡಿ ಅಂತ ಕೇಳುವ ಹಕ್ಕು ನಿನಗಿದೆ. 82 ಸಾವಿರದಲ್ಲಿ ಏನೇನು ಸೇರಿದೆ ಅಂತ ಬರಹದಲ್ಲಿ ತಗೋ. ಮಧ್ಯಾಹ್ನದ ಊಟ ಇದೆಯಾ? ಬೆಂಗಳೂರಿನ ತನಕ ಬಸ್ಸು? ವೀಸಾ ಸಿಗದಿದ್ದರೆ ಎಷ್ಟು ವಾಪಸ್? ವೀಸಾ ಅರ್ಜಿಯ 30 ಸಿಂಗಾಪುರ ಡಾಲರ್ ಅಂತೂ ವಾಪಸ್ ಬರಲ್ಲ, ಉಳಿದದ್ದರ ಲೆಕ್ಕ ಬೇಕು. ವಿದೇಶ ಪ್ರವಾಸದ ಪ್ಯಾಕೇಜ್ ಮೇಲೆ ಟಿಸಿಎಸ್ ಅಂತ ಒಂದಿಷ್ಟು ಮುಂಗಡ ತೆರಿಗೆ ಹಿಡಿಯುತ್ತಾರೆ. ಅದು ಯಾರ ಪ್ಯಾನ್ ನಂಬರಿಗೆ ಹೋಗುತ್ತೆ ಅಂತ ಕೇಳಿಕೋ. ಅವರಿಗೆ ತೆರಿಗೆ ಬಾಕಿ ಇಲ್ಲದಿದ್ದರೆ ರಿಟರ್ನ್ ಹಾಕಿ ಆ ದುಡ್ಡು ವಾಪಸ್ ಪಡೆಯಬಹುದು. ಬಹಳ ಮನೆಯವರು ಗೊತ್ತಿಲ್ಲದೇ ಬಿಟ್ಟುಬಿಡುತ್ತಾರೆ, ನನಗೆ ಅದೇ ಹೊಟ್ಟೆ ಉರಿ.

ಕಂತಿನಲ್ಲಿ ಕಟ್ಟಲು ಅವಕಾಶ ಕೇಳು. ಕೇಳಿದ ಮಕ್ಕಳಿಗೆ ನಾವು ಕೊಟ್ಟಿದ್ದೇವೆ. ಕೇಳಲು ನಾಚಿಕೊಂಡವರು ಬಡ್ಡಿಗೆ ತಂದರು.

ಬ್ಯಾಗಿನ ವಿಷಯ: ಅಪ್ಪೆಮಿಡಿ ಉಪ್ಪಿನಕಾಯಿ ಕೈಚೀಲದಲ್ಲಿ ಇಡಬೇಡ. ಒಬ್ಬ ಹುಡುಗನದ್ದು ಸೆಕ್ಯುರಿಟಿಯಲ್ಲಿ ಹಾಗೇ ಎತ್ತಿಟ್ಟರು, ಅವನ ತಾಯಿ ಎರಡು ವರ್ಷ ಹಳೆಯ ಭರಣಿಯಿಂದ ತೆಗೆದುಕೊಟ್ಟದ್ದು. ಚೆನ್ನಾಗಿ ಮುಚ್ಚಳ ಬಿಗಿದು ದೊಡ್ಡ ಬ್ಯಾಗಿಗೆ ಹಾಕು. ಒಣ ಕೊಬ್ಬರಿ ಗಿಟುಕು ಬೇಡ, ಎಣ್ಣೆ ಇರುವುದರಿಂದ ಬೆಂಕಿ ಹತ್ತುವ ವಸ್ತು ಅಂತ ಲೆಕ್ಕ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. ಗುಟ್ಕಾ, ಅಗಿಯುವ ತಂಬಾಕು, ಚೂಯಿಂಗ್ ಗಮ್ ಯಾರ ಜೇಬಿನಲ್ಲೂ ಇರಬಾರದು. ಮೆಟ್ರೋ ರೈಲಿನಲ್ಲಿ ನೀರು ಕುಡಿದರೂ ದಂಡ. ಅಲ್ಲಿನ ಪ್ಲಗ್ಗಿಗೆ ಮೂರು ಚಪ್ಪಟೆ ಪಿನ್ನು, ಒಂದು ಅಡಾಪ್ಟರ್ ಶಿವಮೊಗ್ಗದಲ್ಲೇ ಕೊಂಡುಕೋ. ಅಲ್ಲಿಗೆ ತಲುಪುವ ದಿನವೂ ಸೇರಿ ಮೂರು ದಿನದೊಳಗೆ ಅರೈವಲ್ ಕಾರ್ಡ್ ಆನ್‌ಲೈನ್‌ನಲ್ಲಿ ತುಂಬಬೇಕು. ಅದಕ್ಕೆ ದುಡ್ಡಿಲ್ಲ. ಯಾರಾದರೂ ಕೇಳಿದರೆ ಕೊಡಬೇಡ.

ಸೆರಂಗೂನ್ ರಸ್ತೆಯಲ್ಲಿ ಇಡ್ಲಿ, ದೋಸೆ, ಊಟ ಎಲ್ಲ ಸಿಗುತ್ತೆ. ಸಸ್ಯಾಹಾರದ ಚಿಂತೆ ಬೇಡ.

ಕೊಪ್ಪದ ತೋಟದವ

ನಾನು ಒಬ್ಬ ಅಪ್ಪ. ನಮ್ಮ ಮಗಳು ಕೇಳಿದಾಗ ನಾನು ಬೇಡ ಅಂದೆ. ಆ ವರ್ಷ ಎಲೆಚುಕ್ಕಿ ರೋಗಕ್ಕೆ ತೋಟ ಹಳದಿ ತಿರುಗಿತ್ತು. ಇರುವ ದುಡ್ಡಲ್ಲಿ ಅವಳ ಹಾಸ್ಟೆಲ್ ಫೀಸು ಕಟ್ಟುವುದಾ, ಪ್ರವಾಸಕ್ಕೆ ಕೊಡುವುದಾ ಅಂತ ಅವಳ ಎದುರೇ ಪುಸ್ತಕ ತೆಗೆದು ಲೆಕ್ಕ ತೋರಿಸಿದೆ. ಒಂದು ವಾರ ಮಾತಾಡಲಿಲ್ಲ. ಆಮೇಲೆ ಸರಿ ಹೋದಳು. ಈಗ ಕೆಲಸಕ್ಕೆ ಸೇರಿ ಸ್ವಂತ ದುಡ್ಡಲ್ಲಿ ಹೋಗಿ ಬಂದಿದ್ದಾಳೆ.

ಆಗ ಬೇಡ ಅಂದದ್ದು ಸರಿಯೇ ಅಂತ ನನಗೆ ಈಗಲೂ ಅನ್ನಿಸುತ್ತೆ. ನಿಮ್ಮ ಅಪ್ಪನ ಲೆಕ್ಕ ನನಗೆ ಗೊತ್ತಿಲ್ಲಮ್ಮ. ಅದನ್ನು ಅವರ ಹತ್ತಿರವೇ ಕೇಳು. ಲೆಕ್ಕದ ಪುಸ್ತಕ ತೋರಿಸಿ ಅಂತ ಮಕ್ಕಳು ಕೇಳಿದರೆ ನಮಗೆ ಸಿಟ್ಟು ಬರಲ್ಲ.

ಮಂಡಗದ್ದೆ ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ನಿಮ್ಮದನ್ನು ಅಮ್ಮನಿಗೂ ಓದಿ ಹೇಳಿದೆ. ಅಜ್ಜಿ ಕೇಳಿದ ಮಾತು ಬಂದಾಗ ಅಮ್ಮ ಕಣ್ಣು ಒರೆಸಿಕೊಂಡರು.

ನಿನ್ನೆ ರಾತ್ರಿ ಅಪ್ಪನ ಹತ್ತಿರ ಮಾತಾಡಿದೆ. ಅಡಿಕೆ ವಿಷಯ ಕೇಳಿಸಿಕೊಂಡದ್ದನ್ನೂ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ನಿದ್ದು, ಒಳಗಿಂದ ಲೆಕ್ಕದ ಪುಸ್ತಕ ತಂದು ನನ್ನ ಕೈಗೇ ಕೊಟ್ಟರು. ಕೊನೆಗೆ ಹೀಗೆ ತೀರ್ಮಾನ ಆಯ್ತು. ಒಂದು ಕ್ವಿಂಟಲ್ ಮಾತ್ರ ಕೊಡೋದು, ಇನ್ನೊಂದು ಹಾಗೇ ಇರಲಿ. ಉಳಿದದ್ದು ಕಂತಿನಲ್ಲಿ. ಅದಕ್ಕೆ ಇಲ್ಲಿನ ಹೈಸ್ಕೂಲು ಮಕ್ಕಳಿಗೆ ಸಂಜೆ ನಾನು ಪಾಠ ಹೇಳೋದು. ಈಗಲೇ ನಾಲ್ಕು ಮಕ್ಕಳು ಬರ್ತೀವಿ ಅಂದಿದ್ದಾರೆ. ಕಾಲೇಜಿನಲ್ಲೂ ಮೂರು ಕಂತಿಗೆ ಒಪ್ಪಿದರು. ಮೇಷ್ಟ್ರೇ, ನೀವು ಹೇಳಿದ ಹಾಗೆ ಬರಹದಲ್ಲಿ ಕೇಳಿದೆ. ಮಧ್ಯಾಹ್ನದ ಊಟ ಸೇರಿಲ್ಲವಂತೆ!

ಆಧಾರ್ ತಿದ್ದಲು ಕೊಟ್ಟು ಬಂದಿದ್ದೇನೆ.

ಅಕ್ಕ, ಅಪ್ಪ ಒಂದು ಪ್ರಶ್ನೆ ಕೇಳಿದ್ದಾರೆ. ಅಲ್ಲಿ ಅಡಿಕೆ ಮರ ಇದೆಯಾ?

ಹಿನ್ನೀರಿನ ಕಡೆಯವಳು

ಇದೆ ಮಾರಾಯ್ತಿ! ಪಾರ್ಕುಗಳಲ್ಲಿ ಅಂದಕ್ಕೆ ನೆಟ್ಟಿರ್ತಾರೆ. ಮಲಯ ಭಾಷೆಯಲ್ಲಿ ಅಡಿಕೆಗೆ ಪಿನಾಂಗ್ ಅಂತಾರೆ. ಮಲೇಷ್ಯಾದ ಪಿನಾಂಗ್ ದ್ವೀಪಕ್ಕೆ ಆ ಹೆಸರು ಬಂದದ್ದೇ ಅಡಿಕೆಯಿಂದ. ಅಪ್ಪನಿಗೆ ಹೇಳು. ಫೋಟೋ ಹೊಡೆದು ಕಳಿಸು, ಮರೀಬೇಡ.

ಮಂಡಗದ್ದೆ ಹುಡುಗಿ

ಈಗಷ್ಟೇ ಓದಿ ಹೇಳಿದೆ ಅಕ್ಕ. ಅಪ್ಪ ಕೈಯಲ್ಲಿದ್ದ ಕತ್ತಿ ಕೆಳಗಿಟ್ಟು ಕೂತರು. "ಅವರು ಒಣಗಿಸಿ ಗೋಟು ಮಾಡ್ತಾರಾ, ಬೇಯಿಸಿ ಚೊಗರು ಹಾಕ್ತಾರಾ, ಕೇಳಿಕೊಂಡು ಬಾ" ಅಂದರು.